ಹಿಂದೆ ನಡೆಯುವ ಗೈಡ್ ಯಾರು ಅಂತ ಮೊದಲು ಕೇಳಿ

ಈ ವಾರದ ವಿಷಯ: ಎರಡು-ಮೂರು ದಿನದ ಚಿಕ್ಕ ಗುಂಪಿನ ಚಾರಣ. ಬೆಂಗಳೂರಿನ ಓದುಗರ ಪ್ರಶ್ನೆಗಳಿಗೆ ಪಶ್ಚಿಮ ಘಟ್ಟದಲ್ಲಿ ಗುಂಪುಗಳನ್ನು ಕರೆದೊಯ್ಯುವ ಚಾರಣ ಮಾರ್ಗದರ್ಶಕರು ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಉದ್ಯೋಗಿ. ನಾನು, ನನ್ನ ನಾದಿನಿ, ಕಾಲೇಜಿಗೆ ಹೋಗುವ ಮಗಳು ಮೂವರೂ ನವೆಂಬರ್‌ನಲ್ಲಿ ಕುಮಾರ ಪರ್ವತ ಹತ್ತಬೇಕು ಅಂದುಕೊಂಡಿದ್ದೇವೆ. ಒಂದು ಕಂಪನಿಯವರು ‘ಹನ್ನೆರಡೇ ಜನರ ಗುಂಪು, ಹೊಸಬರೂ ಬರಬಹುದು, ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್’ ಅನ್ನುತ್ತಿದ್ದಾರೆ. ನಮ್ಮನೆಯವರು ‘ಸುಮ್ನೆ ಅಷ್ಟು ದುಡ್ಡು ಯಾಕೆ, ಕಾರಲ್ಲಿ ನಾವೇ ಹೋಗೋಣ’ ಅಂತಾರೆ. ಯಾವುದು ಸರಿ?
– ರಾಜಾಜಿನಗರದ ಓದುಗರು

ಉತ್ತರ: ಗುಂಪಿನ ಜೊತೆಗೇ ಹೋಗಿ ಮೇಡಂ. ಆದರೆ ಮೊದಲ ಚಾರಣಕ್ಕೆ ಕುಮಾರ ಪರ್ವತ ಬೇಡ.

ಅದರ ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ, ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ರಸ್ತೆ ಇದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟರೆ ಒಂದೂವರೆ ಸಾವಿರ ಮೀಟರ್ ಏರನ್ನು ನಿಮ್ಮ ಕಾಲೇ ಹತ್ತಬೇಕು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟ. ಐದು ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಯಿಂದ ತುದಿಗೆ ಹನ್ನೆರಡು-ಹದಿಮೂರು ಕಿ.ಮೀ. ಆಗುತ್ತದೆ. ಅಲ್ಲಿಗೆ ಐದು ಗಂಟೆಗೂ ಜಾಸ್ತಿ. ಅದೂ ಎಲ್ಲೂ ಕೂರದೆ, ಪಳಗಿದ ಕಾಲಿಗೆ, ತಂಪು ದೇಶದಲ್ಲಿ. ನಮ್ಮ ಕರಾವಳಿ ಕಡೆಯ ಬೆವರಿನಲ್ಲಿ ಹೊಸಬರಿಗೆ ಏಳೆಂಟು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆಮೇಲೆ ಅಷ್ಟೂ ದೂರ ಇಳಿಯಬೇಕು. ತುದಿಯಲ್ಲಿ ಟೆಂಟ್ ಹಾಕಿ ಮಲಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಮಂಡಿ ಹಿಡಿದುಕೊಳ್ಳುವುದು ಇಳಿಯುವಾಗಲೇ. ಇದಕ್ಕೆ ‘ಹೊಸಬರೂ ಬರಬಹುದು’ ಅನ್ನುವ ಕಂಪನಿ ಒಂದೋ ದಾರಿ ನೋಡಿಲ್ಲ, ಇಲ್ಲವೇ ಸೀಟು ತುಂಬಿಸುತ್ತಿದೆ.

ಮೂವರಿಗೂ ಹೊಂದುವುದು ಕೊಡಗಿನ ತಡಿಯಂಡಮೋಳ್. ಅದು 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಆದರೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯವರೆಗೆ ವಾಹನ ಹೋಗುತ್ತದೆ. ಅಲ್ಲಿಂದಾಚೆ ನಡೆಯುವುದು ಕುಕ್ಕೆ ದಾರಿಯ ಅರ್ಧದಷ್ಟೇ. ಕೊನೆಯ ಏರು ಮಾತ್ರ ಕಡಿದು, ಅಲ್ಲಿ ಎಲ್ಲರಿಗೂ ಏದುಸಿರು ಬರುತ್ತದೆ. ಮಧ್ಯೆ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು, ಮೇಲೆ ಹುಲ್ಲುಗಾವಲು. ಘಟ್ಟದ ಕಾಡು ಅಂದರೆ ಏನು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಅದು ಆರಾಮಾಗಿ ಆದರೆ ಮುಂದಿನ ವರ್ಷ ಕುಮಾರ ಪರ್ವತಕ್ಕೆ ಖಂಡಿತ ಹೋಗಿ.

ಇನ್ನು ಗುಂಪಿನ ಮಾತು. ಹನ್ನೆರಡು ಜನ ಅನ್ನುವುದು ಒಳ್ಳೆಯ ಸಂಖ್ಯೆಯೇ. ಆದರೆ ಗೈಡ್ ಎಷ್ಟು ಜನ ಅಂತ ಕೇಳಿದಿರಾ? ಒಬ್ಬನೇ ಅಂದರೆ ಹಣ ಕಟ್ಟಬೇಡಿ. ಯಾಕೆ ಅಂದರೆ, ಮಧ್ಯ ದಾರಿಯಲ್ಲಿ ಒಬ್ಬರ ಕಾಲು ಉಳುಕಿತು ಅಂದುಕೊಳ್ಳಿ. ಗೈಡ್ ಅವರನ್ನು ಇಳಿಸಿಕೊಂಡು ಹೋದರೆ ಉಳಿದ ಹನ್ನೊಂದು ಜನ ಕಾಡಿನಲ್ಲಿ ದಿಕ್ಕಿಲ್ಲದೆ ನಿಲ್ಲುತ್ತಾರೆ. ಹೋಗದಿದ್ದರೆ ನೋವಾದವರು ಅಲ್ಲೇ ಕೂರಬೇಕು. ಕನಿಷ್ಠ ಇಬ್ಬರಿರಬೇಕು, ಮುಂದೊಬ್ಬ, ಹಿಂದೊಬ್ಬ. ನನ್ನ ಲೆಕ್ಕದಲ್ಲಿ ಹಿಂದಿನವನೇ ಮುಖ್ಯ. ಮುಂದಿನವನಿಗೆ ದಾರಿ ಗೊತ್ತಿದ್ದರೆ ಸಾಕು. ಹಿಂದಿನವನಿಗೆ ಮನುಷ್ಯರು ಗೊತ್ತಿರಬೇಕು. ಯಾರು ನೀರು ಕುಡಿಯುತ್ತಿಲ್ಲ, ಯಾರು ಬೂಟಿನ ಗುಳ್ಳೆ ಮುಚ್ಚಿಟ್ಟು ನಗುತ್ತಿದ್ದಾರೆ, ಯಾರು ಮಾತು ನಿಲ್ಲಿಸಿದ್ದಾರೆ ಅಂತ ಅವನು ನೋಡುತ್ತಿರಬೇಕು. ಬಹಳ ಕಡೆ ಮುಂದೆ ಅನುಭವಿಯನ್ನು ಇಟ್ಟು, ಹಿಂದಕ್ಕೆ ಮೊದಲ ಸಲ ಬಂದ ಹುಡುಗನನ್ನು ಹಾಕುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ, ಹಿಂದೆ ನಡೆಯುವವರು ಯಾರು, ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ ಅಂತ ಫೋನ್‌ನಲ್ಲೇ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಇಬ್ಬರಲ್ಲಿ ಒಬ್ಬರು ಆ ಊರಿನವರಾದರೆ ಇನ್ನೂ ಒಳ್ಳೆಯದು. ಬೆಂಗಳೂರಿನಿಂದ ಬರುವ ಟ್ರೆಕ್ ಲೀಡ್‌ಗೆ ಮ್ಯಾಪ್ ಗೊತ್ತಿರುತ್ತದೆ. ನಿನ್ನೆ ಸಂಜೆ ಆನೆ ಎಲ್ಲಿ ದಾಟಿತು, ಈ ಮೋಡ ಮಳೆ ಸುರಿಸುತ್ತದೋ ಹಾಗೇ ಹೋಗುತ್ತದೋ ಅನ್ನುವುದು ಊರಿನವರಿಗೇ ಗೊತ್ತು. ಕಂಪನಿ ಅವರಿಗೆ ದಿನಕ್ಕೆ ಎಷ್ಟು ಕೊಡುತ್ತದೆ ಅಂತಲೂ ಕೇಳಬಹುದು, ಸಂಕೋಚ ಬೇಡ.

ಇನ್ನೊಂದು ಪ್ರಶ್ನೆ: ‘ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ?’ ತುದಿ ಸಿಗಲಿ ಬಿಡಲಿ, ಒಂದು ಹೊತ್ತಿಗೆ ತಿರುಗಲೇಬೇಕು ಅನ್ನುವ ನಿಯಮ ಇರಬೇಕು. ‘ಅಲ್ಲಿಗೆ ಹೋಗಿ ನೋಡೋಣ ಮೇಡಂ’ ಅಂದರೆ ಅಂಥವರ ಜೊತೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇಳಿಯಲು ತಯಾರಾಗಿರಿ.

ನಿಮ್ಮ ಯಜಮಾನರ ಕಾರಿನ ವಿಚಾರ. ದುಡ್ಡಿನ ಲೆಕ್ಕ ಅವರದ್ದು ಸರಿ. ಆದರೆ ದಿನವಿಡೀ ಇಳಿದು ನಡುಗುತ್ತಿರುವ ಕಾಲೇ ಆಮೇಲೆ ಘಟ್ಟದ ತಿರುವಿನಲ್ಲಿ ಬ್ರೇಕ್ ಒತ್ತಬೇಕು, ಅಲ್ವಾ? ವಾರಾಂತ್ಯದ ಚಾರಣದಲ್ಲಿ ನನಗೆ ಹಾವು, ಆನೆಗಿಂತ ಜಾಸ್ತಿ ಭಯ ಭಾನುವಾರ ರಾತ್ರಿಯ ರಸ್ತೆಯದ್ದು. ಕಂಪನಿಯ ಟಿಟಿ (ಟೆಂಪೊ ಟ್ರಾವೆಲರ್) ಆದರೂ ಅಷ್ಟೇ. ಶುಕ್ರವಾರ ರಾತ್ರಿ ಓಡಿಸಿದ ಡ್ರೈವರ್ ಶನಿವಾರ ಹಗಲು ಎಲ್ಲಿ ಮಲಗುತ್ತಾರೆ ಅಂತ ವಿಚಾರಿಸಿ. ಟಿಟಿಯ ಸೀಟಿನಲ್ಲೇ ಅಂದರೆ ಅದು ನಿದ್ದೆ ಅಲ್ಲ. ನೀವೂ ಅಷ್ಟೇ, ರಾತ್ರಿಯಿಡೀ ಕುತ್ತಿಗೆ ವಾಲಿಸಿಕೊಂಡು ಕೂತು ಬೆಳಗ್ಗೆ ಆರಕ್ಕೆ ಬೆಟ್ಟ ಹತ್ತುವುದು ಇಪ್ಪತ್ತೈದರ ವಯಸ್ಸಿಗೇ ಕಷ್ಟ. ಶನಿವಾರ ಹಗಲು ಹೋಗಿ, ಹೋಂಸ್ಟೇಯಲ್ಲಿ ಮಲಗಿ, ಭಾನುವಾರ ಹತ್ತಿ, ಸೋಮವಾರ ರಜೆ ಹಾಕಿ ಬರುವ ಗುಂಪು ಸಿಕ್ಕರೆ ಸಾವಿರ ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಅಭ್ಯಾಸಕ್ಕೆ ಜಿಮ್ ಬೇಕಿಲ್ಲ. ಮನೆ, ಬ್ಯಾಂಕು ಎರಡೂ ಕಡೆ ಲಿಫ್ಟ್ ಬಿಡಿ. ಹೊರಡುವ ಮುಂಚೆ ಒಂದೆರಡು ಭಾನುವಾರ ನಂದಿ ಬೆಟ್ಟದ ಮೆಟ್ಟಿಲು ದಾರಿಯಲ್ಲಿ ಬೆನ್ನಿಗೆ ಎರಡು ಲೀಟರ್ ನೀರು ಹೊತ್ತು ಹತ್ತಿ ಇಳಿಯಿರಿ. ಮರುದಿನ ಮಂಡಿ ಏನು ಹೇಳುತ್ತದೋ ಅದನ್ನು ನಂಬಿ.

ಪ್ರಶ್ನೆ: ಅರಣ್ಯ ಇಲಾಖೆ ಪರ್ಮಿಶನ್ ನಾವೇ ಮಾಡಿಸ್ತೀವಿ ಅಂತ ಕಂಪನಿಯವರು ಹೇಳಿದ್ದಾರೆ. ನಂಬಬಹುದಾ?
– ಕೆಂಗೇರಿಯಿಂದ

ಉತ್ತರ: ನಂಬಿ, ಆದರೆ ಟಿಕೆಟ್ ನೋಡಿ ನಂಬಿ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ಸೇರಿದ್ದು ನೆನಪಿರಬಹುದು. ಅದಾದ ಮೇಲೆ ಇಲಾಖೆ ಚಾರಣಗಳನ್ನು ನಿಲ್ಲಿಸಿ, ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಗೆ ದಿನಕ್ಕೆ ಇಂತಿಷ್ಟೇ ಜನ. ರಜೆ ದಿನದ ಟಿಕೆಟ್ ಬೇಗ ಮುಗಿಯುತ್ತದೆ. ಟಿಕೆಟ್‌ನಲ್ಲಿ ನಿಮ್ಮ ಹೆಸರು, ತಾರೀಕು, ದಾರಿ ಸರಿ ಇದೆಯಾ ನೋಡಿ. ಗುರುತಿನ ಚೀಟಿ ಜೊತೆಗಿರಲಿ. ‘ಗೇಟ್‌ನಲ್ಲಿ ನಮ್ಮವರಿದ್ದಾರೆ, ಮ್ಯಾನೇಜ್ ಮಾಡ್ತೀವಿ’ ಅಂದರೆ ಫೋನ್ ಇಡಿ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕೇಸ್ ಬಿದ್ದರೆ ಕಂಪನಿ ಮೇಲೆ ಮಾತ್ರ ಅಲ್ಲ, ನಿಮ್ಮ ಮೇಲೂ ಬೀಳುತ್ತದೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ನಡೆಯುವ ಅಭ್ಯಾಸ ಚೆನ್ನಾಗಿದೆ. ಕುದುರೆಮುಖದ ಕಡೆ ಯಾವಾಗ ಹೋಗಬೇಕು? ಮಳೆಯಲ್ಲೇ ಚೆಂದ ಅಂತಾರೆ ಹುಡುಗರು. ಇಂಬಳ, ಮಂಗನ ಕಾಯಿಲೆ ಎಲ್ಲ ಕೇಳಿ ಮನೆಯಲ್ಲಿ ಹೆದರುತ್ತಿದ್ದಾರೆ.
– ಬನಶಂಕರಿಯಿಂದ

ಉತ್ತರ: ಅಕ್ಟೋಬರ್ ನಡುವಿನಿಂದ ಜನವರಿವರೆಗೆ ಹೋಗಿ ಸರ್. ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ದೂರದವರೆಗೆ ಕಾಣಿಸುತ್ತದೆ.

ಮಳೆಗಾಲದಲ್ಲಿ ಚೆಂದ ಹೌದು. ಆದರೆ ಮಂಜು ಕವಿದರೆ ಹತ್ತು ಅಡಿ ಆಚೆಗಿನ ಮನುಷ್ಯನೂ ಕಾಣಿಸುವುದಿಲ್ಲ. ಬೆಳಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಸಂಜೆಗೆ ಸೊಂಟ ಮೀರುತ್ತದೆ. 1,894 ಮೀಟರ್ ಎತ್ತರದ ತೆರೆದ ಹುಲ್ಲುಬೆಟ್ಟದ ಮೇಲೆ ಒದ್ದೆ ಬಟ್ಟೆ, ಜೋರು ಗಾಳಿ ಎರಡೂ ಸೇರಿದರೆ ನಮ್ಮ ಮಲೆನಾಡಿನಲ್ಲೂ ಮೈ ಸೆಟೆಯುವಷ್ಟು ಚಳಿ ಹಿಡಿಯುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ.

ಫೆಬ್ರುವರಿ ದಾಟಿದರೆ ಬೆಂಕಿ ಕಾಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ತೀರಿಕೊಂಡರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಬಹಳ ಬೇಗ ಏರುತ್ತದೆ, ಓಡಿ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಆ ತಿಂಗಳುಗಳಲ್ಲಿ ಇಲಾಖೆ ದಾರಿ ಮುಚ್ಚುವುದು ಇದಕ್ಕೇ.

ಇಂಬಳಕ್ಕೆ ಮನೆಯವರು ಹೆದರಬೇಕಿಲ್ಲ. ಅದು ರಕ್ತ ಕುಡಿಯುತ್ತದೆ, ಕೆಲವು ದಿನ ತುರಿಕೆ ಬರಿಸುತ್ತದೆ, ಅಷ್ಟೇ. ಕಿತ್ತ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ, ಯಾಕೆಂದರೆ ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಡಾಕ್ಟರನ್ನು ಕೇಳಿ. ಹೊಗೆಸೊಪ್ಪು, ಸುಣ್ಣ ಹಚ್ಚುವುದು ಮಲೆನಾಡಿನವರ ಹಳೆಯ ಉಪಾಯ. ಮೊಣಕಾಲವರೆಗಿನ ಒತ್ತು ನೇಯ್ಗೆಯ ಕಾಲುಚೀಲ ಅದಕ್ಕಿಂತ ಒಳ್ಳೆಯದು.

ಮಂಗನ ಕಾಯಿಲೆ ವಿಷಯ ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಿದ ವೈರಸ್ ಕಾಯಿಲೆ ಇದು. ಉಣುಗು ಕಚ್ಚಿ ಹರಡುತ್ತದೆ. ಚಳಿಗಾಲದಿಂದ ಬೇಸಿಗೆವರೆಗೆ ಅದರ ಕಾಟ ಜಾಸ್ತಿ. ಹೊರಡುವ ಮುಂಚೆ, ಆ ಭಾಗದಲ್ಲಿ ಈ ವರ್ಷ ಕಾಯಿಲೆ ಇದೆಯಾ ಅಂತ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹೋಂಸ್ಟೇಯವರನ್ನೋ ವಿಚಾರಿಸಿ. ಇದೆ ಅಂದರೆ ಆ ಸಲ ಬಿಡಿ. ಹೋದಾಗ ಮೈ ತುಂಬ ಬಟ್ಟೆ ಇರಲಿ, ಉಣುಗು ಹತ್ತದಂತೆ ಕಾಡಂಚಿನ ಜನ ಬಳಸುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ತಿಳಿಸಿ. ವಾಪಸ್ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಬೆಂಗಳೂರಿನ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ನೀವೇ ಹೇಳಿ. ಹೇಳದಿದ್ದರೆ ಡೆಂಗಿ ಅಂತಲೇ ಹುಡುಕುತ್ತಾರೆ.

ಪ್ರಶ್ನೆ: ಹೆಸರು ಬೇಡ. ಕಾಡಿನಲ್ಲಿ ಶೌಚಕ್ಕೆ ಏನು ಮಾಡೋದು? ಮುಟ್ಟಿನ ದಿನ ಬಂದರೆ? ಗುಂಪಿನಲ್ಲಿ ಬರೀ ಹುಡುಗರೇ ಇದ್ದಾರೆ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಈ ಸಂಕೋಚಕ್ಕೇ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರು ಕುಡಿಯದೆ ನಡೆದು ಮಧ್ಯಾಹ್ನ ತಲೆಸುತ್ತಿ ಕೂರುತ್ತಾರೆ. ಬುಕ್ ಮಾಡುವಾಗಲೇ ಮಹಿಳಾ ಲೀಡ್ ಇರುವ ಗುಂಪು ಕೇಳಿ. ಈಗ ಅಂಥವರು ಸಿಗುತ್ತಾರೆ. ಮೂತ್ರಕ್ಕೆ ಹೋಗುವಾಗ ದಾರಿ ಕಣ್ಣಿಗೆ ಬೀಳುವಷ್ಟೇ ದೂರ ಹೋಗಿ, ಹಿಂದಿನ ಗೈಡ್‌ಗೆ ಹೇಳಿ ಹೋಗಿ. ಹಳ್ಳದಿಂದ ದೂರ ಇರಿ, ಕೆಳಗಿನ ಊರು ಅದೇ ನೀರು ಕುಡಿಯುತ್ತದೆ. ಬಳಸಿದ ಪ್ಯಾಡ್ ಹೂಳಬೇಡಿ, ಹಂದಿ ಕೆದಕಿ ಹಾಕುತ್ತದೆ. ಪೇಪರಿನಲ್ಲಿ ಸುತ್ತಿ ಜಿಪ್ ಕವರಿಗೆ ಹಾಕಿ ವಾಪಸ್ ತನ್ನಿ. ನೋವು ಜಾಸ್ತಿ ಇದ್ದರೆ ತಾರೀಕು ಬದಲಿಸಿಕೊಡಲು ಕೇಳಿ. ಚಿಕ್ಕ ಗುಂಪು ನಡೆಸುವ ಒಳ್ಳೆಯವರು ಇದಕ್ಕೆ ತಕರಾರು ಮಾಡುವುದಿಲ್ಲ.

ಪ್ರಶ್ನೆ: 29 ವರ್ಷ, ಸಾಫ್ಟ್‌ವೇರ್. ಕಬ್ಬನ್ ಪಾರ್ಕ್‌ನಲ್ಲಿ ದಿನಾ ಐದು ಕಿ.ಮೀ. ಓಡ್ತೀನಿ. ಘಟ್ಟದ ಚಾರಣ ಎಲ್ಲ ಆಗಿದೆ. ನೇರ ಹಿಮಾಲಯದ ಐದು ದಿನದ ಚಿಕ್ಕ ಗುಂಪಿಗೆ ಸೇರಬಹುದಾ?
– ಮಾರತ್ತಹಳ್ಳಿಯಿಂದ

ಉತ್ತರ: ಸೇರಬಹುದು, ದಾರಿ ಆರಿಸುವುದರಲ್ಲಿ ಆತುರ ಬೇಡ. ನಮ್ಮ ಘಟ್ಟದಲ್ಲಿ ಎಲ್ಲೂ 2,500 ಮೀಟರ್ ದಾಟುವ ಪ್ರಸಂಗ ಹೆಚ್ಚುಕಡಿಮೆ ಬರುವುದೇ ಇಲ್ಲ. ಅಲ್ಲಿಂದ ಮೇಲೆ ಗಾಳಿ ತೆಳುವಾಗಿ ಎತ್ತರದ ಕಾಯಿಲೆ ಶುರುವಾಗಬಹುದು. ಅದಕ್ಕೆ ನಿಮ್ಮ ಓಟದ ಲೆಕ್ಕ ಗೊತ್ತಿಲ್ಲ. ಗಟ್ಟಿ ಓಟಗಾರರೇ ಬೇಗ ಬೇಗ ಹತ್ತಿ ತಲೆನೋವು, ವಾಂತಿ ಅಂತ ಮಲಗುವುದುಂಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ಐದು ದಿನದ ಪಟ್ಟಿ ಕೈಯಲ್ಲಿ ಹಿಡಿದು ಈ ಲೆಕ್ಕ ಹಾಕಿ ನೋಡಿ. ಕೂಡದಿದ್ದರೆ ಕಡಿಮೆ ಎತ್ತರದ ದಾರಿ ಹುಡುಕಿ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಎಂಬ ಎತ್ತರದ ಸರೋವರಕ್ಕೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು, ಉಳಿದವರನ್ನು ಹುಡುಕಿ ಕರೆತರಬೇಕಾಯಿತು. ಅವರಲ್ಲಿ ಹಲವರು ಚಾರಣದಲ್ಲಿ ಪಳಗಿದವರೇ. ಆ ಎತ್ತರದಲ್ಲಿ ಹವೆ ಕೆಟ್ಟರೆ ಅನುಭವವೊಂದೇ ಸಾಲದು, ಆಶ್ರಯವೂ ಬೇಕು, ಸುದ್ದಿ ಮುಟ್ಟಿಸುವ ದಾರಿಯೂ ಬೇಕು. ಹಾಗಾಗಿ ನಿಮ್ಮ ಕಂಪನಿಗೆ ಕೇಳಬೇಕಾದ್ದು ಇಷ್ಟು. ತುದಿಗೆ ಹೋಗುವ ದಿನ ಹವೆ ಕೆಟ್ಟರೆ ಹತ್ತಿರದ ಟೆಂಟ್ ಎಷ್ಟು ಗಂಟೆ ದೂರ? ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ? ಹೆಚ್ಚುವರಿ ಒಂದು ದಿನ ಇಟ್ಟುಕೊಂಡಿದ್ದೀರಾ? ಲೀಡ್ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ ಅಥವಾ ಅಂಥದ್ದೇ ಕಡೆ ಕೋರ್ಸ್ ಮಾಡಿದ್ದಾರಾ?

ನಿಮ್ಮ ಕಡೆಯಿಂದ ಒಂದು ಕೆಲಸ. ಬೆಂಗಳೂರಿಗೆ ವಾಪಸ್ ವಿಮಾನವನ್ನು ಚಾರಣ ಮುಗಿಯುವ ಮರುದಿನಕ್ಕೇ ಬುಕ್ ಮಾಡಬೇಡಿ, ಎರಡು ದಿನ ಬಿಟ್ಟು ಮಾಡಿ. ಸೋಮವಾರದ ಮೀಟಿಂಗ್ ತಲೆಯಲ್ಲಿದ್ದರೆ ‘ಇವತ್ತು ಇಲ್ಲೇ ಇರೋಣ’ ಅನ್ನುವ ಗೈಡ್ ಮಾತಿಗೆ ಗುಂಪಿನಲ್ಲಿ ಮೊದಲು ಎದುರಾಡುವವರು ನೀವೇ ಆಗುತ್ತೀರಿ.