ಐಟಿ ಕೆಲಸ ಬಿಟ್ಟು ಸೀರಿಯಲ್‌ಗೆ ಸೇರಿ, ಅಲ್ಲಿಂದ ಸಿನಿಮಾ ಹೀರೋ ಆಗ್ಬಹುದಾ?

ಡೈಲಿ ಸೀರಿಯಲ್‌ನಲ್ಲಿ ಹೀರೋ ತಮ್ಮನ ಪಾತ್ರ, ಲುಕ್ ಟೆಸ್ಟ್ ಓಕೆ ಆಗಿದೆ, ಒಂದೆರಡು ವರ್ಷ ಮಾಡಿ ಮುಖ ಪರಿಚಯ ಆದ್ಮೇಲೆ ಯಶ್, ಗಣೇಶ್ ಥರ ಸಿನಿಮಾಗೆ ಹೋಗೋದು, ಅದಕ್ಕೆ ಕೆಲಸಕ್ಕೆ ರಿಸೈನ್ ಮಾಡ್ಲಾ ಲಾಂಗ್ ಲೀವ್ ಹಾಕ್ಲಾ ಅಂತ ಕೇಳಿದೀರ. ಓದಿ ನಗು ಬಂತು ಕಣ್ರೀ, ನಿಮ್ಮ ಮೇಲಲ್ಲ. ನಾನು ಹೀರೋಯಿನ್ ಅಣ್ಣ ಆಗಿದ್ದೆ, ಬಿಟ್ಟಿದ್ದು ಒಂದು ಫೈನಾನ್ಸ್ ಕಂಪನಿಯ ರಿಕವರಿ ಕೆಲಸ, ಅಷ್ಟೇ ವ್ಯತ್ಯಾಸ. ಮಿಕ್ಕಿದ್ದೆಲ್ಲ ಅದೇ ಪ್ಲಾನ್.

ಸೀರಿಯಲ್ ಚೆನ್ನಾಗೇ ಓಡ್ತಿತ್ತು. ಚಾನೆಲ್ ಹೆಸರು, ಸೀರಿಯಲ್ ಹೆಸರು ಹೇಳಲ್ಲ, ಅವರಿಂದ ನನಗೇನೂ ಅನ್ಯಾಯ ಆಗಿಲ್ಲ. ನಾಗರಬಾವಿ ಕಡೆ ಒಂದು ಬಾಡಿಗೆ ಬಂಗಲೆ, ಅದೇ ನಮ್ಮ "ದೊಡ್ಡ ಮನೆ". ರಾತ್ರಿ ಹತ್ತು ಗಂಟೆಗೆ ಪ್ರೊಡಕ್ಷನ್ ಮ್ಯಾನೇಜರ್ ಫೋನು, ನಾಳೆ ಏಳಕ್ಕೆ ಕಾಲ್, ನಾಲ್ಕು ಚೇಂಜ್ ತನ್ನಿ. ಕಾಲ್ ಅಂದ್ರೆ ಶೂಟಿಂಗ್‌ಗೆ ಕರೆ, ಚೇಂಜ್ ಅಂದ್ರೆ ಬಟ್ಟೆ, ನಮ್ಮ ಯೂನಿಟ್‌ನಲ್ಲಿ ಬಟ್ಟೆ ನಮ್ಮದೇ. ಹೋಗಿ ಮೇಕಪ್ ಹಾಕ್ಕೊಂಡು ಕೂತ್ರೆ ಸೀನ್ ಪೇಪರ್ ಇನ್ನೂ ಬಂದಿರಲ್ಲ, ಬಂದ ಮೇಲೆ ಓದೋಕೂ ಟೈಮ್ ಇರಲ್ಲ, ಅಸಿಸ್ಟೆಂಟು ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟ್ ಮಾಡ್ತಾನೆ, ನಾವು ಹೇಳ್ಬೇಕು. ಅಮ್ಮ ಸತ್ತ ಸುದ್ದಿ ಕೇಳಿ ನಾನು ಕುಸಿದು ಬೀಳೋ ಕ್ಲೋಸಪ್ ಶಾಟ್ ಇತ್ತು, ಆ ಹೊತ್ತಿಗೆ ಸುದ್ದಿ ಹೇಳಬೇಕಾದ ಹುಡುಗಿ ಬೇರೆ ಶೂಟಿಂಗ್ ಇದೆ ಅಂತ ಹೊರಟೋಗಿದ್ಲು, ನಾನು ಅತ್ತಿದ್ದು ಒಂದು ಲೈಟ್ ಸ್ಟ್ಯಾಂಡ್ ನೋಡ್ಕೊಂಡು. ಅಸಿಸ್ಟೆಂಟು ಅದಕ್ಕೆ ಒಂದು ಹಳದಿ ಟೇಪ್ ಅಂಟಿಸಿ "ಅಣ್ಣ, ಇದೇ ಅವರ ಕಣ್ಣು" ಅಂದ. ಎಪಿಸೋಡ್ ಬಂದಾಗ ನಮ್ಮ ಬೀದಿ ಹೆಂಗಸರೆಲ್ಲ ಕಣ್ಣೀರು ಹಾಕಿದ್ರು. ಇದನ್ನ ಆಡ್ಕೊಳ್ಳೋಕೆ ಹೇಳ್ತಿಲ್ಲ, ಅದು ಬಹಳ ಕಷ್ಟದ ಕೆಲಸ, ಆಗ ನನಗೆ ಗೊತ್ತಾಗ್ಲಿಲ್ಲ ಅಷ್ಟೇ. ನನಗೆ ತಲೇಲಿ ಗಾಂಧಿನಗರ, ಅಂದ್ರೆ ಸಿನಿಮಾ, ಬಿಟ್ರೆ ಇನ್ನೇನೂ ಇರ್ಲಿಲ್ಲ.

ಈಗ ಗಡ್ಡದ ವಿಷಯಕ್ಕೆ ಬರ್ತೀನಿ. ನನ್ನ ಕೆರಿಯರ್ ಹಾಳಾಗಿದ್ದು ಗಡ್ಡದಿಂದ. ತಮಾಷೆ ಅಲ್ಲ.

ಒಬ್ಬ ಹೊಸ ಡೈರೆಕ್ಟರ್ ಬಂದು ಕಥೆ ಹೇಳಿದ, ಪ್ರೊಡ್ಯೂಸರ್ ಸೈಟ್ ವ್ಯಾಪಾರದವರು, ಹೀರೋ ಮಲೆನಾಡಿನ ಜೀಪ್ ಡ್ರೈವರ್, ಪೊದೆ ಗಡ್ಡ, ಭುಜದವರೆಗೆ ಕೂದಲು. "ನಾಳೆಯಿಂದ ರೇಜರ್ ಮುಟ್ಬೇಡಿ" ಅಂದ. ಕೈಗೆ ಸಣ್ಣ ಅಡ್ವಾನ್ಸ್ ಚೆಕ್, ದೇವಸ್ಥಾನದಲ್ಲಿ ಪೂಜೆ, ಕ್ಲಾಪ್ ಹಿಡ್ಕೊಂಡು ಫೋಟೋ. ನಾನು ಅವತ್ತಿಂದ ರೇಜರ್ ಮುಟ್ಲಿಲ್ಲ. ಸೀರಿಯಲ್ ಡೈರೆಕ್ಟರ್‌ಗೆ ಒಂದು ಮಾತು ಹೇಳಿದ್ನಾ, ಇಲ್ಲ. ಹೇಳಿದ್ರೆ ಬೇಡ ಅಂತಾರೆ ಅನ್ನೋ ಭಯ. ಸ್ವಲ್ಪ ಬೆಳೀಲಿ, ಆಮೇಲೆ ನೋಡೋಣ ಅಂತ.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಹೊರಗಿನವರಿಗೆ ಅರ್ಥ ಆಗಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಸೀರಿಯಲ್‌ನಲ್ಲಿ ಸೀನ್‌ಗಳನ್ನ ಕಥೆ ಆರ್ಡರ್‌ನಲ್ಲಿ ತೆಗೆಯಲ್ಲ. ಇವತ್ತು ಹಾಲ್‌ನಲ್ಲಿ ಲೈಟ್ ಹಾಕಿದ್ರೆ ಮುಂದಿನ ಎಪಿಸೋಡ್‌ಗಳ ಹಾಲ್ ಸೀನೆಲ್ಲ ಇವತ್ತೇ ಹೊಡೀತಾರೆ, ಅಡುಗೆಮನೆಗೆ ಇನ್ನೊಂದು ದಿನ, ಛತ್ರ ಬಾಡಿಗೆಗೆ ಸಿಕ್ಕ ದಿನ ಮದುವೆದೆಲ್ಲ. ಎಡಿಟಿಂಗ್‌ನಲ್ಲಿ ಕೂಡಿಸಿದಾಗ ಒಂದೇ ಸಂಜೆ. ಅಂದ್ರೆ ನನ್ನ ಮುಖ ವಾರಗಟ್ಟಲೆ ಒಂದೇ ಥರ ಇರ್ಬೇಕು, ಅದೇ ಕಂಟಿನ್ಯುಟಿ. ನಮ್ಮಲ್ಲಿ ಆಗ ತಂಗಿ ಮದುವೆ ಟ್ರ್ಯಾಕ್ ನಡೀತಿತ್ತು, ಟಿಆರ್‌ಪಿ ಏರ್ತಿದ್ದ ಟೈಮು, ಪ್ರತಿ ಗುರುವಾರ ಟಿಆರ್‌ಪಿ ಅಳೆಯೋ ಬಾರ್ಕ್ ಸಂಸ್ಥೆ ನಂಬರ್ ಬಂದಾಗ ಸೆಟ್‌ನಲ್ಲಿ ಸ್ವೀಟು. ಅಂಥಾ ಹೊತ್ತಲ್ಲಿ ಮದುವೆ ಅಣ್ಣ ಹಾಲ್‌ನಲ್ಲಿ ನುಣ್ಣಗೆ, ಅಡುಗೆಮನೆ ಬಾಗಿಲು ದಾಟಿದ ತಕ್ಷಣ ಕುರುಚಲು ಗಡ್ಡ. ಡೈರೆಕ್ಟರು ಮಾನಿಟರ್ ಮುಂದೆ ನನ್ನ ಕೂರಿಸಿ ತೋರಿಸಿ, "ಏನಪ್ಪಾ, ಹಾಲ್‌ನಿಂದ ಅಡುಗೆಮನೆಗೆ ಹೋಗೋಷ್ಟರಲ್ಲಿ ಬೆಳೀತಾ?" ಅಂದ್ರು.

ಅವತ್ತೇ ಬೋಳಿಸಿದ್ದಿದ್ರೆ ಮುಗಿದೋಗ್ತಿತ್ತು. ಎಪಿಸೋಡ್ ಬ್ಯಾಂಕಿಂಗ್, ಅಂದ್ರೆ ಮುಂಚೆನೇ ತೆಗೆದಿಟ್ಟ ಎಪಿಸೋಡ್‌ಗಳು, ಸ್ವಲ್ಪ ಇತ್ತು, ಹೇಗೋ ಸರಿ ಮಾಡ್ಕೋತಿದ್ರು. ನಾನು ಮಾಡಿದ್ದೇನು, ಸಿನಿಮಾ ಒಪ್ಕೊಂಡಿದೀನಿ ಸರ್ ಅಂತ ಗರ್ವದಲ್ಲಿ ಹೇಳಿದೆ. ಪಾಪ ಅವರು ರೈಟರ್‌ಗೆ ಹೇಳಿ, ತಂಗಿ ಸಂಸಾರದ ಚಿಂತೇಲಿ ಅಣ್ಣ ಗಡ್ಡ ಬಿಟ್ಟಿದಾನೆ ಅಂತ ಒಂದು ಡೈಲಾಗ್ ಕೂಡ ಹಾಕ್ಸಿದ್ರು. ಭುಜದವರೆಗೆ ಕೂದಲಿಗೆ ಯಾವ ಚಿಂತೆ ತರೋದು? ಚಾನೆಲ್‌ನವರು ಆಗಲ್ಲ ಅಂದ್ರು. ನನ್ನ ಪಾತ್ರನ ಪ್ರಾಜೆಕ್ಟ್ ಮೇಲೆ ಮುಂಬೈಗೆ ಕಳ್ಸಿದ್ರು, ವಾಪಸ್ ಬಂದಾಗ ಬೇರೆ ಹುಡುಗ ಬಂದ. ಮೊದಲ ವಾರ ಜನ ಬೈದ್ರಂತೆ, ಎರಡನೇ ವಾರ ನಮ್ಮ ಅತ್ತೆನೇ "ಇವನೂ ಪರವಾಗಿಲ್ಲ ಕಣೋ" ಅಂದ್ರು. ಅಗ್ರಿಮೆಂಟ್‌ನಲ್ಲಿ ನೋಟಿಸ್ ಕೊಡದೆ ಬಿಡೋ ಹಾಗಿಲ್ಲ ಅಂತಿತ್ತು, ಬಾಕಿ ಇದ್ದ ಪೇಮೆಂಟ್ ಅದಕ್ಕೆ ಹೊಂದಾಣಿಕೆ ಆಯ್ತು. ಸಹಿ ಮಾಡಿದ್ದು ನಾನೇ.

ಸಿನಿಮಾನಾ? ಆಷಾಢ ಕಳೀಲಿ ಅಂದ್ರು. ಆಮೇಲೆ ಪಿತೃಪಕ್ಷ ಮುಗೀಲಿ ಅಂದ್ರು. ಆಮೇಲೆ ಧನುರ್ಮಾಸ ಬಂತು. ಸಂಕ್ರಾಂತಿ ಹೊತ್ತಿಗೆ ಪ್ರೊಡ್ಯೂಸರ್ ಫೋನ್ ಎತ್ತೋದು ನಿಲ್ಲಿಸಿದ್ರು, ನನ್ನ ಗಡ್ಡ ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು.

ಆಮೇಲೆ ಎಷ್ಟು ಸಲ ಯೋಚಿಸಿದೀನೋ. ಮೊದಲ ಶೆಡ್ಯೂಲ್ ಯಾವ ತಾರೀಖು ಅಂತ ಕೇಳ್ಬೇಕಿತ್ತು. ಆ ತಾರೀಖು ಬರವಣಿಗೇಲಿ ಇರ್ಬೇಕಿತ್ತು. ಹೀರೋಯಿನ್ ಫಿಕ್ಸ್ ಆಗಿದಾಳಾ, ಕ್ಯಾಮೆರಾಮನ್‌ಗೆ ಅಡ್ವಾನ್ಸ್ ಹೋಗಿದೆಯಾ ಅಂತ ವಿಚಾರಿಸ್ಬೇಕಿತ್ತು, ಯಾಕಂದ್ರೆ ನಟನ್ನ ಬಾಯಿಮಾತಲ್ಲಿ ಕಾಯಿಸ್ತಾರೆ, ಟೆಕ್ನಿಷಿಯನ್‌ಗಳು ಹಾಗೆ ಕಾಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಂಟಿಸೋ ಗಡ್ಡ ಸಿಗುತ್ತೆ ರೀ! ಲುಕ್ ಟೆಸ್ಟ್ ಅದರಲ್ಲೇ ಮಾಡ್ಬಹುದಿತ್ತು, ಶೂಟಿಂಗ್ ಪಕ್ಕಾ ಆದ್ಮೇಲೆ ಬೆಳೆಸಿದ್ರೆ ಸಾಕಿತ್ತು. ನಮ್ಮ ಮೇಕಪ್ ಅಣ್ಣ ಈ ಮಾತು ಅವತ್ತೇ ಹೇಳಿದ್ದ, ನಾನು ಕೇಳ್ಲಿಲ್ಲ, ಒರಿಜಿನಲ್ ಬೇಕಿತ್ತು ನಂಗೆ.

ಈಗ ನಿಮ್ಮ ಯಶ್, ಗಣೇಶ್ ಲೆಕ್ಕ. ಎಲ್ಲರೂ ಇದನ್ನೇ ಹೇಳ್ತಾರೆ. ಯಶ್ ಸೀರಿಯಲ್‌ಗೆ ಮುಂಚೆ ಬಿ.ವಿ. ಕಾರಂತರು ಕಟ್ಟಿದ ಬೆನಕ ತಂಡದಲ್ಲಿ ರಂಗದ ಹಿಂದೆ ದುಡಿದವರು. ಸೀರಿಯಲ್ ಆಮೇಲೆ. ಸಿನಿಮಾದಲ್ಲಿ ಮೊದಲು ಕಂಡಿದ್ದು 2007ರ ಜಂಬದ ಹುಡುಗಿ, ಅದ್ರಲ್ಲಿ ಹೀರೋ ಅಲ್ಲ. ಮರುವರ್ಷ ಮೊಗ್ಗಿನ ಮನಸು. ಕೆಜಿಎಫ್ ಬಂದಿದ್ದು 2018ಕ್ಕೆ. ನಡುವಿನ ಹತ್ತು ವರ್ಷ ನಿಮ್ಮ ಪ್ಲಾನ್‌ನಲ್ಲಿ ಎಲ್ಲಿದೆ? ಗಣೇಶ್ ಅವರು ಉದಯ ಟಿವಿಲಿ ಕಾಮಿಡಿ ಟೈಮ್ ಮಾಡ್ತಿದ್ದಾಗ ತಾವೇ ತಾವಾಗಿ ಮಾತಾಡ್ತಿದ್ರು, ಜನಕ್ಕೆ ಹಿಡಿಸಿದ್ದು ಆ ಮನುಷ್ಯ. ಚೆಲ್ಲಾಟ, ಮುಂಗಾರು ಮಳೆ ಎರಡೂ 2006ರಲ್ಲೇ ಬಂದ್ವು, ಅದೃಷ್ಟನೂ ಸೇರ್ತು. ಹೀರೋ ತಮ್ಮ ಅಂದ್ರೆ ಜನಕ್ಕೆ ನಿಮ್ಮ ಹೆಸರೇ ಗೊತ್ತಿರಲ್ಲ, ಪಾತ್ರದ ಹೆಸರು ಹಿಡಿದು ಕರೀತಾರೆ. ನನ್ನನ್ನ ಇವತ್ತಿಗೂ ಹಾಲಿನ ಬೂತ್‌ನವರು ಸೀರಿಯಲ್ ಪಾತ್ರದ ಹೆಸರಿಂದಲೇ ಕೂಗ್ತಾರೆ. ದಿನಾ ರಾತ್ರಿ ಫ್ರೀಯಾಗಿ ಕಾಣೋ ಮುಖಕ್ಕೆ ಜನ ಟಿಕೆಟ್ ತಗೊಂಡು ಬರ್ತಾರಾ ಅಂತ ಗಾಂಧಿನಗರದಲ್ಲಿ ಮುಖಕ್ಕೆ ಹೊಡೆದ ಹಾಗೆ ಕೇಳ್ತಾರೆ, ನಿಮಗೂ ಕೇಳ್ತಾರೆ, ತಯಾರಿರಿ.

ಅದಕ್ಕೇ ಹೇಳೋದು, ಸೀರಿಯಲ್‌ನ ಬಸ್ ಸ್ಟ್ಯಾಂಡ್ ಅಂದ್ಕೊಂಡು ಬರೋದಾದ್ರೆ ಬರ್ಲೇಬೇಡಿ. ಟಿವಿ ಅಂದ್ರೆ ಕೆಳಗಿನ ಮೆಟ್ಟಿಲು ಅನ್ನೋದೇ ನನಗೆ ಒಪ್ಪಿಗೆ ಇಲ್ಲ. ಆಗುಂಬೆಲಿ ಶಂಕರ್‌ನಾಗ್ ಮಾಲ್ಗುಡಿ ಡೇಸ್ ತೆಗೆದಾಗ ವಿಷ್ಣುವರ್ಧನ್, ಅನಂತ್‌ನಾಗ್, ಗಿರೀಶ್ ಕಾರ್ನಾಡ್ ಎಲ್ಲ ಬಂದು ಪಾತ್ರ ಮಾಡಿದ್ರು, ಅವರಿಗೆ ಸಿನಿಮಾ ಇರ್ಲಿಲ್ವಾ? ಟಿ.ಎನ್. ಸೀತಾರಾಮ್ ಅವರ ಸೀರಿಯಲ್‌ಗಳ ಕೋರ್ಟ್ ಸೀನ್ ನೋಡೋಕೆ ಜನ ಊಟ ಮುಂದೂಡ್ತಿದ್ರು. ಸಿನಿಮಾನೇ ಬೇಕು ಅಂದ್ರೆ ಸಿನಿಮಾ ಆಡಿಶನ್ ಕೊಡಿ. ನಟನೆ ಕಲೀಬೇಕು ಅಂದ್ರೆ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ಕೋರ್ಸ್ ಇದೆ, ಹೋಗಿ. ಅಚ್ಯುತ್ ಕುಮಾರ್ ಅಲ್ಲಿಂದಲೇ ಬಂದವರು, ಅವರ ಪಾತ್ರ ಚಿಕ್ಕದಿದ್ರೂ ಕಣ್ಣು ಅಲ್ಲೇ ನಿಲ್ಲುತ್ತೆ.

ನಾನೇನು ಮಾಡ್ತಿದೀನಿ ಅಂತ ಕೇಳ್ತೀರ. ಅಲ್ಲಿ ಇಲ್ಲಿ ಇನ್‌ಸ್ಪೆಕ್ಟರ್, ಡಾಕ್ಟರ್ ಪಾತ್ರ, ಜಾಸ್ತಿ ಡಬ್ಬಿಂಗ್. ಇದೂ ಒಂದು ವಿಚಿತ್ರ. ದಶಕಗಳ ಕಾಲ ಬೇರೆ ಭಾಷೆದು ಕನ್ನಡಕ್ಕೆ ಡಬ್ ಆಗ್ಬಾರ್ದು ಅಂತ ಇಂಡಸ್ಟ್ರಿನೇ ಅಡ್ಡ ನಿಂತಿತ್ತು, ನಾನೂ ಮೆರವಣಿಗೇಲಿ ಹೋಗಿ ಘೋಷಣೆ ಕೂಗಿದವನೇ. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿ ಆಗದ ಹಾಗೆ ನೋಡ್ಕೊಳ್ಳೋ ಕಾಂಪಿಟಿಷನ್ ಕಮಿಷನ್ ಆ ನಿರ್ಬಂಧ ತಪ್ಪು ಅಂತು, 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು ಚಾನೆಲ್‌ಗಳಿಗೆ ತೋರ್ಸೋಕೆ ಏನೂ ಇಲ್ದಾಗ ಹಿಂದಿಯ ಮಹಾಭಾರತ ಕನ್ನಡದಲ್ಲಿ ಬಂತು. ಜನ ನೋಡಿದ್ರು. ಈಗ ನನ್ನ ಮನೆ ಬಾಡಿಗೆ ಕಟ್ಟೋದು ಅದೇ ಡಬ್ಬಿಂಗು. 2021ರಲ್ಲಿ ಇಲ್ಲಿ ಮತ್ತೆ ಶೂಟಿಂಗ್ ನಿಂತಾಗ ಎಷ್ಟೋ ಯೂನಿಟ್‌ಗಳು ಹೈದರಾಬಾದ್ ರಾಮೋಜಿ ಫಿಲ್ಮ್ ಸಿಟಿಗೆ ಗಂಟುಮೂಟೆ ಕಟ್ಕೊಂಡು ಹೋದ್ವು, ನಾನು ಇಲ್ಲೇ ಕೂತು ಮೈಕ್ ಮುಂದೆ ಯಾರದೋ ತುಟಿಗೆ ಮಾತು ಸೇರಿಸ್ತಿದ್ದೆ. ಬೇಜಾರಿಲ್ಲ. ಗಡ್ಡ ಇದ್ರೂ ನಡೆಯುತ್ತೆ.

ಲಾಂಗ್ ಲೀವ್ ಬೇಡ. ಅರ್ಧ ಅಲ್ಲಿ ಅರ್ಧ ಇಲ್ಲಿ ಅಂದ್ರೆ ಮ್ಯಾನೇಜರ್ ಫೋನ್ ಮಾಡಿದಾಗಲೆಲ್ಲ ಸುಳ್ಳು ಹೇಳ್ಬೇಕಾಗುತ್ತೆ, ಎರಡು ಕಡೆಗೂ. ರಿಸೈನ್ ಮಾಡೋದಾದ್ರೆ ಮಾಡಿ, ಆದ್ರೆ ಒಂದು ವರ್ಷದ ಬಾಡಿಗೆ, ಇಎಂಐ ಬ್ಯಾಂಕಲ್ಲಿ ಇರ್ಲಿ, ಯಾಕಂದ್ರೆ ದುಡ್ಡು ಬರೋದು ನೀವು ದುಡಿದ ದಿನಕ್ಕೆ ಮಾತ್ರ, ಕಾಲ್ ಇಲ್ದ ದಿನಕ್ಕೆ ಸೊನ್ನೆ, ಅದೂ ಎರಡು ಮೂರು ತಿಂಗಳು ಬಿಟ್ಟು ಚೆಕ್, ಅದರಲ್ಲಿ ಶೇಕಡ 10 ಟಿಡಿಎಸ್ ತೆರಿಗೆ ಮೊದಲೇ ಹಿಡ್ಕೊಂಡು. ನಿಮ್ಮ ಸ್ಯಾಲರಿ ಸ್ಲಿಪ್ ಇರೋವಾಗ್ಲೇ ಬೇಕಿರೋ ಲೋನ್ ಏನಿದ್ರೂ ಮುಗಿಸ್ಕೊಳ್ಳಿ, ಆಮೇಲೆ ನಟ ಅಂದ್ರೆ ಬ್ಯಾಂಕ್‌ನವರು ಸೆಲ್ಫಿ ತಗೋತಾರೆ, ಲೋನ್ ಕೊಡಲ್ಲ. ಅಗ್ರಿಮೆಂಟ್‌ನಲ್ಲಿ ನೋಟಿಸ್ ಎಷ್ಟು ದಿನ, ತಿಂಗಳಿಗೆ ಕನಿಷ್ಠ ಎಷ್ಟು ದಿನ ಕಾಲ್, ಬೇರೆ ಕಡೆ ಮಾಡ್ಬಹುದಾ ಅನ್ನೋ ಜಾಗ ಖಾಲಿ ಬಿಟ್ಟಿದ್ರೆ ಅವರ ಕೈಲೇ ತುಂಬಿಸಿ ಆಮೇಲೆ ಸಹಿ ಹಾಕಿ. ಬಟ್ಟೆ ನಿಮ್ಮದೇ ಅಂದ್ರೆ ಸಣ್ಣ ಚೌಕಳಿ, ಸಣ್ಣ ಗೆರೆ ಶರ್ಟ್ ತಗೋಬೇಡಿ, ಕ್ಯಾಮೆರಾಲಿ ನಡುಗಿದ ಹಾಗೆ ಕಾಣುತ್ತೆ. ಪ್ಲೇನ್ ತಗೊಳ್ಳಿ, ಒಂದೊಂದು ಬಣ್ಣದಲ್ಲಿ ಎರಡೆರಡು, ಹಾಲ್ ಸೀನ್‌ದು ಕಾಫಿ ಚೆಲ್ಲಿದ್ರೆ ಅಡುಗೆಮನೆ ಸೀನ್‌ಗೆ ಬೇಕಾಗುತ್ತೆ.