ತಂಗಿ ಯಾಕೆ ಕೆಲಸ ಬಿಡುತ್ತಿಲ್ಲ?

ಪ್ರಶ್ನೆ: ಅಕ್ಕಾ, ನನ್ನ ತಂಗಿ ಇಲ್ಲೇ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗೆ ಹೋಗುತ್ತಾಳೆ. ಒಟ್ಟು ಎಂಟು ಜನ. ಸೂಪರ್‌ವೈಸರ್ ಅವಳ ಮೈ ಮುಟ್ಟುತ್ತಾನೆ, ಕೆಟ್ಟದಾಗಿ ಮಾತಾಡುತ್ತಾನೆ. ಹೋದ ತಿಂಗಳು ಮಾಲೀಕರಿಗೆ ಹೇಳಿದಳು. ‘ಅವನು ಇರೋದೇ ಹಾಗೆ, ಹೊಂದಿಕೊಂಡು ಹೋಗಮ್ಮ’ ಎಂದರಂತೆ. ಬಿಟ್ಟುಬಿಡು ಎಂದರೆ ನನ್ನ ಮೇಲೇ ರೇಗುತ್ತಾಳೆ. ಮರ್ಯಾದೆ ಇರುವವಳು ಅಲ್ಲಿ ಇರುತ್ತಾಳಾ?
– ಹೆಸರು ಬೇಡ, ಬಳ್ಳಾರಿ

ಉತ್ತರ: ತಮ್ಮಾ, ಆ ಕೊನೆಯ ಮಾತನ್ನು ತಂಗಿಯ ಮುಂದೆ ಆಡಿಲ್ಲ ತಾನೇ? ಆಡಿದ್ದರೆ ಅವಳು ರೇಗಿದ್ದು ಸರಿಯಾಗೇ ಇದೆ.

ಅವಳ ಲೆಕ್ಕ ನಿನಗೆ ಗೊತ್ತಾ? ಹಬ್ಬಕ್ಕೋ ಆಸ್ಪತ್ರೆಗೋ ಮಾಲೀಕರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿರಬಹುದು. ಸಂಘದ ಸಾಲದ ಕಂತು ಕಟ್ಟುವುದಿರಬಹುದು. ಪೀಸ್ ಲೆಕ್ಕದ ಕೂಲಿ ಬೇರೆ. ಮಿಷನ್ ಮುಂದೆ ಕೂರದ ದಿನ ದುಡ್ಡಿಲ್ಲ. ಬೇರೆ ಕಡೆ ಸೇರೋಣ ಎಂದರೆ ನಮ್ಮೂರಿನ ಈ ಕಸುಬಿನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ‘ಯಾಕೆ ಬಿಟ್ಟಳಂತೆ?’ ಎಂಬ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ. ಇನ್ನೊಂದು ಭಯ ಮನೆಯದು: ಇದನ್ನೇ ನೆಪ ಮಾಡಿಕೊಂಡು ಮುಂದೆ ಎಲ್ಲಿಗೂ ಕಳಿಸದಿದ್ದರೆ?

(ಅಡ್ವಾನ್ಸ್ ತೀರುವ ತನಕ ಬಿಡಕೂಡದು ಎಂದು ಯಾರಾದರೂ ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ವಿರುದ್ಧ. ನೆನಪಿರಲಿ.)

ನಾನು ಕಾರ್ಮಿಕರ ಕೇಸು ನಡೆಸಿದವಳು. ಕಿರುಕುಳ ಆದ ದಿನವೇ ಕೆಲಸ ಬಿಟ್ಟವರನ್ನು ಕಂಡಿದ್ದು ಕಡಿಮೆ. ಬಾಯಿಬಿಟ್ಟ ಮೇಲೆ ಬಿಟ್ಟವರೇ ಜಾಸ್ತಿ. ದೂರು ಹೇಳಿದ ಮರುದಿನದಿಂದ ಒಳ್ಳೆ ಹೊಲಿಗೆಯೂ ರಿಜೆಕ್ಟ್ ಆಗುತ್ತದೆ. ಜೊತೆಗೆ ಊಟಕ್ಕೆ ಕೂರುತ್ತಿದ್ದವರು ಡಬ್ಬಿ ಎತ್ತಿಕೊಂಡು ಆಚೆ ಹೋಗುತ್ತಾರೆ. ಅದನ್ನು ಸಹಿಸಿಕೊಳ್ಳೋದು ಕಷ್ಟ ಕಣಪ್ಪಾ. ಅದಕ್ಕೇ ಮಾಲೀಕರ ಆ ‘ಹೊಂದಿಕೊಂಡು ಹೋಗು’ ಎಂಬ ಮಾತು ನನಗೆ ಸೂಪರ್‌ವೈಸರ್ ತಪ್ಪಿಗಿಂತ ಸಣ್ಣದಾಗಿ ಕಾಣುವುದಿಲ್ಲ. ಪಕ್ಕದ ಮಿಷನ್‌ನವಳು ಒಬ್ಬಳೇ ‘ನಾನೂ ನೋಡಿದೀನಿ’ ಎಂದರೂ ಉಳಿದುಕೊಂಡು ಎದುರಿಸಿದವರಿದ್ದಾರೆ.

ಅಂದಹಾಗೆ, ಬಿಡಬೇಕಾದವಳು ಅವಳೇ ಯಾಕೆ? 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆ ಮಾಲೀಕರೇ ಒಂದು ಸಮಿತಿ ಮಾಡಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಇಲ್ಲವೇ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ದೂರು ಕೊಡಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ನೆರವಾಗಬೇಕು.

ವಿಚಾರಣೆ ಮುಗಿಯುವ ತನಕ ರಜೆ ಕೊಡಿಸಿ ಎಂದೂ ಕೇಳಬಹುದು. ಆದರೆ ಪೀಸ್ ಲೆಕ್ಕದವಳಿಗೆ ರಜೆ ಕಟ್ಟಿಕೊಂಡು ಏನಾಗಬೇಕು? ಅವಳ ಪೀಸ್ ಎಣಿಸುವ, ರಿಜೆಕ್ಟ್ ಮಾಡುವ ಕೆಲಸ ಅವನ ಕೈಯಿಂದ ತಪ್ಪಿಸಿ ಎಂದು ಬರೆದು ಕೇಳಲಿ. ಆರೋಪ ಹೊತ್ತವನು ಅವಳ ಕೆಲಸಕ್ಕೆ ಬೆಲೆ ಕಟ್ಟದಂತೆ ತಡೆಯಲು ನಿಯಮದಲ್ಲೇ ಅವಕಾಶವಿದೆ.

ಇವತ್ತು ಅವಳು ಮನೆಗೆ ಬಂದರೆ ‘ಬಿಡು’ ಅನ್ನಬೇಡ. ಅಡ್ವಾನ್ಸ್ ಎಷ್ಟು ಬಾಕಿ ಇದೆ ಎಂದು ಕೇಳು. ಯಾವತ್ತು ಏನಾಯಿತು, ಆಗ ಯಾರಿದ್ದರು ಎಂದು ಬರೆದಿಡಲು ಹೇಳು. ದೂರು ಕೊಡಲು ಅವಳು ಒಪ್ಪಿದರೆ ಜೊತೆಗೆ ಹೋಗು, ಆದರೆ ಮಾತು ಅವಳೇ ಆಡಲಿ.