ವೋಟಿನ ಇಂಕಿಂದ ಹಿಂದಕ್ಕೆ ಹೋಗಿ

ಬೌದ್ಧಿಕ ವಿಕಲತೆ ಇರೋ 16-18 ವರ್ಷದ ಮಕ್ಕಳಿಗೆ ಆಧುನಿಕ ಇತಿಹಾಸ ಎಲ್ಲಿಂದ ಶುರು ಮಾಡೋದು, ಅಸಲಿಗೆ ಅವರಿಗೆ ಇದೆಲ್ಲ ಬೇಕಾ ಅಂತ ಕೇಳಿದೀರ. ಖಂಡಿತ ಬೇಕು. ಆದ್ರೆ 1857ರಿಂದ ಮಾತ್ರ ಶುರು ಮಾಡ್ಬೇಡಿ.

ನಾನು ಬೆಂಗಳೂರಲ್ಲಿ ಒಂದು ಸ್ಪೆಷಲ್ ಸ್ಕೂಲಲ್ಲಿ ದೊಡ್ಡ ಮಕ್ಕಳ ಕ್ಲಾಸ್ ನೋಡ್ಕೋತೀನಿ. ಮೊದಲನೇ ವರ್ಷ ನಾನು ಮಾಡಿದ ಘನಂದಾರಿ ಕೆಲಸ ಅಂದ್ರೆ ಗಾಂಧೀಜಿ ಚಿತ್ರ ಪ್ರಿಂಟ್ ತೆಗೆಸಿ ಬಣ್ಣ ತುಂಬಿ ಅಂತ ಕೊಟ್ಟಿದ್ದು. ಮೀಸೆ ಬಂದಿರೋ ಹುಡುಗ ಒಬ್ಬ ಹಾಳೆನ ವಾಪಸ್ ನನ್ ಟೇಬಲ್ ಮೇಲಿಟ್ಟು "ಇದು ಚಿಕ್ಕೋರಿಗೆ ಮಿಸ್" ಅಂದ. ಸರಿಯಾಗೇ ಹೇಳ್ದ.

ಆಮೇಲೆ ಎಲೆಕ್ಷನ್ ಬಂತು, ಒಬ್ಬ ಹುಡುಗಿ ಅವರಮ್ಮನ ಬೆರಳಲ್ಲಿ ಕಪ್ಪು ಗೆರೆ ನೋಡಿ ಕ್ಲಾಸಿಗೆ ಬಂದು ಏನದು ಅಂತ ಕೇಳಿದ್ಲು, ಅಲ್ಲಿಂದ ಹಿಂದಕ್ಕೆ ಹೋದ್ವಿ. ಆ ಇಂಕು ನಮ್ಮ ಮೈಸೂರಿನ ಫ್ಯಾಕ್ಟರಿದು, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾಗಿದ್ದು, 1962ರ ಎಲೆಕ್ಷನ್ನಿಂದ ಅಲ್ಲಿಂದ್ಲೇ ಸಪ್ಲೈ. ಇನ್ನೂ ಹಿಂದೆ ಹೋದ್ರೆ 1951-52ರ ಮೊದಲನೇ ಎಲೆಕ್ಷನ್, ಆಗ ಓದಕ್ಕೆ ಬರದೇ ಇರೋರೇ ಜಾಸ್ತಿ, ಅದಕ್ಕೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬ, ಡಬ್ಬದ ಮೇಲೆ ಚಿಹ್ನೆ. ಇದು ಕೇಳಿ ನಮ್ಮ ಕ್ಲಾಸ್ ಮುಖ ನೋಡ್ಬೇಕಿತ್ತು, ಓದಕ್ಕೆ ಬರಲ್ಲ ಅಂತ ದಿನಾ ಅನ್ನಿಸ್ಕೊಳ್ಳೋರು ಅವರು. ಬಿಸ್ಕತ್ ಡಬ್ಬಕ್ಕೆ ಚಿತ್ರ ಅಂಟಿಸಿ ಬಿಸಿಬೇಳೆಬಾತಾ ಪಲಾವಾ ಅಂತ ವೋಟ್ ಹಾಕ್ಸಿದ್ವಿ, ಗೆದ್ದಿದ್ದನ್ನ ಶುಕ್ರವಾರ ಊಟಕ್ಕೆ ಮಾಡಿಸಿದ್ವಿ (ಮಾಡಿಸ್ಲೇಬೇಕು, ಇಲ್ಲಾಂದ್ರೆ ವೋಟು ಅಂದ್ರೆ ಬರೀ ನಾಟಕ ಅಂತ ಕಲಿತುಬಿಡ್ತಾರೆ). ಮುಂದಿನ ವಾರ ಡಬ್ಬ ಎತ್ತಿಟ್ಟು, ಇವತ್ತು ಯಾರನ್ನೂ ಕೇಳಲ್ಲ, ನಾನ್ ಹೇಳಿದ್ದೇ, ಉಪ್ಪಿಟ್ಟು ಅಂದೆ. ಗಲಾಟೆನೋ ಗಲಾಟೆ! 1947ಕ್ಕೆ ಮುಂಚೆ ಹಿಂಗೇ ಇತ್ತು, ಎಲ್ಲೋ ದೂರ ಕೂತೋರು ಹೇಳಿದ್ದೇ ಆಗ್ತಿತ್ತು ಅಂದಾಗ ಬೇರೆ ವಿವರಣೆನೇ ಬೇಕಾಗ್ಲಿಲ್ಲ.

ಇಸವಿ ಬಾಯಿಪಾಠ ಮಾಡಿಸ್ಬೇಡಿ. ಗೋಡೆಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಲ್ಲಿ ಫೋಟೋ ಸಿಗಿಸಿ, ತಾನು ಹುಟ್ಟಿದ್ದು, ಅಮ್ಮ ಹುಟ್ಟಿದ್ದು, ಅಜ್ಜಿ ಹುಟ್ಟಿದ್ದು, ಆಮೇಲೆ 1947. ಅಷ್ಟು ಸಾಕು.

ಕಷ್ಟ ಆಗೋದು ಆಗ-ಈಗ ಅನ್ನೋದು. ಫ್ರೀಡಂ ಪಾರ್ಕಿಗೆ ಕರ್ಕೊಂಡು ಹೋಗಿದ್ದೆ, ಹಳೇ ಸೆಂಟ್ರಲ್ ಜೈಲು ಅದು, 1975ರ ಎಮರ್ಜೆನ್ಸಿಲಿ ವಾಜಪೇಯಿ, ಅಡ್ವಾಣಿ ಎಲ್ಲ ಅಲ್ಲಿದ್ರು ಅಂತ ನಾನು ಜೋರಾಗಿ ಕಥೆ ಹೇಳಿದ್ದೇ ಹೇಳಿದ್ದು, ಒಬ್ಬ ವಾಪಸ್ ಬಸ್ಸಲ್ಲಿ ಅಳಕ್ಕೆ ಶುರು ಮಾಡ್ದ, ನಮ್ಮನ್ನೂ ಹಿಡ್ಕೊಂಡು ಹೋಗ್ತಾರಾ ಅಂತ, ಎರಡು ದಿನ ಸ್ಕೂಲಿಗೇ ಬರ್ಲಿಲ್ಲ. ತಪ್ಪು ನಂದು. ಈಗ ಅದೇ ಜಾಗದ ಹಳೇ ಫೋಟೋ, ಇವತ್ತಿನ ಫೋಟೋ ಪಕ್ಕಪಕ್ಕ ಇಟ್ಟು ನಾಕು ದಿನ ಮಾತಾಡಿದ್ಮೇಲೇನೇ ಹೊರಡೋದು.

ಇನ್ನೊಂದು, ಪೇರೆಂಟ್ಸ್ ಮೀಟಿಂಗಲ್ಲಿ ಅದೇ ಇಂಕು ಕೇಳಿದ ಹುಡುಗಿಯ ತಾಯಿ "ಇವಳಿಗೆ ವೋಟ್ ಇರಲ್ವಲ್ಲ ಮಿಸ್" ಅಂದ್ರು. ಇರತ್ತೆ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕೋರ್ಟೇ ಘೋಷಣೆ ಮಾಡಿದ್ರೆ ಮಾತ್ರ ಇಲ್ಲ, ಡಿಸಬಿಲಿಟಿ ಸರ್ಟಿಫಿಕೇಟ್ ಇದೆ ಅಂತ ಯಾರೂ ಕಿತ್ಕೊಳ್ಳೋ ಹಂಗಿಲ್ಲ, 1989ರಿಂದ 18 ತುಂಬಿದ್ರೆ ಸಾಕು. ಈಗ ವೋಟರ್ ಲಿಸ್ಟಿಗೆ ಹೆಸರು ಸೇರಿಸೋ ಫಾರಂ 6 ತುಂಬಿಸೋದೂ ನಮ್ ಹಿಸ್ಟರಿ ಪೀರಿಯಡ್ಡಲ್ಲೇ. ಪಾಸ್‌ಪೋರ್ಟ್ ಸೈಜ್ ಫೋಟೋ ತನ್ನಿ ಅಂದ್ರೆ ಬರೋಕೆ ಮೂರು ವಾರ ಆಗತ್ತೆ, ಅಷ್ಟೇ.